ಜಗಲಿ ಏರಿದ ಚಿತ್ರಗಳು

ನಮ್ಮ ಜವಳಗೇರಾ, ಸಿಂಧನೂರು, ಮಸ್ಕಿ ಕಡೆಯ ಮನೆಗಳಿಗೆ ಬಣ್ಣದ ಚಿತ್ರ ಬಂದದ್ದು ಗ್ಯಾಲರಿಯಿಂದಲ್ಲ, ದಲ್ಲಾಳಿ ಅಂಗಡಿಯಿಂದ. ಹೊಸ ವರ್ಷಕ್ಕೆ ಅಂಗಡಿಯವರು ಕೊಟ್ಟ ಕ್ಯಾಲೆಂಡರು ಹನ್ನೆರಡು ತಿಂಗಳು ಗೋಡೆಯ ಮೊಳೆಗೆ ತೂಗುತ್ತಿತ್ತು. ವರ್ಷ ತೀರಿದ ಮೇಲೆ ತಾರೀಖಿನ ಹಾಳೆ ಕಿತ್ತು, ಚಿತ್ರಕ್ಕೆ ಗಾಜಿನ ಕಟ್ಟು ಹಾಕಿಸಿ, ಕುಂಕುಮ ಹಚ್ಚಿ ದೇವರ ಜಗಲಿಗೆ ಏರಿಸುತ್ತಿದ್ದರು. ಬರೆದವರು ಯಾರೆಂದು ಕೇಳಿದವರು ಕಡಿಮೆ. ಹಾಗೆ ದೇಶದ ಲಕ್ಷಾಂತರ ಮನೆ ಸೇರಿದ ಕ್ಯಾಲೆಂಡರ್ ಚಿತ್ರಗಳ ದೊಡ್ಡ ಕಲಾವಿದರಲ್ಲಿ ಒಬ್ಬರು ನಮ್ಮದೇ ಸೀಮೆಯವರು, ಕಲಬುರಗಿಯ ಎಸ್. ಎಂ. ಪಂಡಿತ್. ಈ ಸಂಚಿಕೆಯನ್ನು ಅವರಿಗೆ ಮೀಸಲಿಟ್ಟಿದ್ದೇವೆ.

ಸಾಂಬಾನಂದ ಮೋನಪ್ಪ ಪಂಡಿತ್ ಹುಟ್ಟಿದ್ದು 1916ರಲ್ಲಿ. ಆಗ ಕಲಬುರಗಿಯೂ ನಮ್ಮ ರಾಯಚೂರೂ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಚಿತ್ರ ಕಲಿಯಬೇಕೆಂದರೆ ಊರು ಬಿಡಲೇಬೇಕಾದ ಕಾಲ. ಅವರು ಮೊದಲು ಮದರಾಸಿನ ಕಲಾಶಾಲೆಗೆ ಹೋದರು. ಆಮೇಲೆ ಮುಂಬಯಿಗೆ ಬಂದು, ಕನ್ನಡದವರೇ ಆದ ದಂಡಾವತಿಮಠರ ನೂತನ ಕಲಾಮಂದಿರದಲ್ಲಿ, ಜೆ. ಜೆ. ಕಲಾಶಾಲೆಯಲ್ಲಿ ಕೈ ಪಳಗಿಸಿಕೊಂಡರು. ಕಣ್ಣೆದುರಿನ ಮೈಯನ್ನು, ಬಟ್ಟೆಯ ನೆರಿಗೆಯನ್ನು, ಬೆಳಕನ್ನು ಕಂಡ ಹಾಗೆ ಬರೆಯುವ ವಾಸ್ತವ ಶೈಲಿ ಅವರಿಗೆ ಒಲಿದದ್ದು ಅಲ್ಲಿ.

ಆದರೆ ಹೊಟ್ಟೆಪಾಡಿಗೆ ಒದಗಿದ್ದು ಸಿನೆಮಾ. ಎಂಜಿಎಂ ಕಂಪನಿಯ ಹಾಲಿವುಡ್ ಚಿತ್ರಗಳಿಗೆ ಶೋಕಾರ್ಡ್ ಎಂಬ ಪ್ರಚಾರ ಫಲಕ, ಬಾಬುರಾವ್ ಪಟೇಲರ ‘ಫಿಲ್ಮ್‌ಇಂಡಿಯಾ’ ಪತ್ರಿಕೆಗೆ ಮುಖಪುಟ. ಈ ಕೆಲಸಕ್ಕೆ ಅವರು ಹಿಡಿದದ್ದು ಪೋಸ್ಟರ್ ಕಲರ್. ಅದು ನೋಡುನೋಡುತ್ತಲೇ ಒಣಗುವ, ಕೆಳಗಿನದನ್ನು ಪೂರ್ತಿ ಮುಚ್ಚಿಬಿಡುವ ದಪ್ಪ ಬಣ್ಣ. ಎರಡು ಬಣ್ಣಗಳನ್ನು ಹಸಿಯಲ್ಲೇ ನಿಧಾನಕ್ಕೆ ಬೆರೆಸುತ್ತ ಕೂರಲು ಅದು ಬಿಡುವುದಿಲ್ಲ. ನೆರಳು ಎಲ್ಲಿ ಮುಗಿಯಬೇಕು, ಬೆಳಕು ಎಲ್ಲಿ ಬೀಳಬೇಕು ಎಂಬುದನ್ನು ಕುಂಚ ಇಡುವ ಮೊದಲೇ ತೀರ್ಮಾನಿಸಿರಬೇಕು. ಕೆನ್ನೆಯ ಮೇಲಿನ ಹೊಳಪು, ತುಟಿಯ ಮಿನುಗು, ಕೂದಲಿನ ಅಂಚಿಗೆ ಹಿಂದಿನಿಂದ ಬಿದ್ದ ಬೆಳಕಿನ ಗೆರೆ ಇವೆಲ್ಲ ಕೊನೆಯಲ್ಲಿ, ಒಂದೇ ಏಟಿಗೆ ಬರಬೇಕು.

ಮುಂದೆ ಎಣ್ಣೆಬಣ್ಣದಲ್ಲಿ ಪುರಾಣದ ಚಿತ್ರಗಳನ್ನು ಬರೆಯುವಾಗ ಪಂಡಿತರು ಈ ಪಾಠ ಮರೆಯಲಿಲ್ಲ. ಎಣ್ಣೆಬಣ್ಣ ದಿನಗಟ್ಟಲೆ ಹಸಿಯಾಗಿರುತ್ತದೆ, ಮೈಯ ತಿರುವುಗಳನ್ನು ಎಷ್ಟು ಬೇಕಾದರೂ ನಯಗೊಳಿಸಬಹುದು. ಆ ನಯದ ಮೇಲೆ ಅವರು ಶೋಕಾರ್ಡಿನ ಬೆಳಕು ತಂದರು. ಅವರ ಮೇನಕೆಯ ಹೆಗಲಿಗೆ ಬೀಳುವುದು ತಪೋವನದ ಬಿಸಿಲಲ್ಲ, ಸ್ಟುಡಿಯೋ ದೀಪ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದು ಮನೆಮನೆಗೆ ಕಳಿಸಿದ ದೇವರುಗಳು ನಾಟಕದ ರಂಗದಲ್ಲಿ ನಿಂತಂತೆ ಕಾಣುತ್ತಾರೆ. ಪಂಡಿತರ ದೇವರುಗಳು ಬೆಳ್ಳಿತೆರೆ ಕಂಡವರು. ಅವರ ಹೆಣ್ಣುಮುಖಗಳು ಕೆಲವೊಮ್ಮೆ ಅಕ್ಕತಂಗಿಯರಷ್ಟು ಹೋಲುತ್ತವೆ, ಅಂದ ಅತಿಯಾಗುತ್ತದೆ ಎಂಬ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಗಂಡುಮೈಯ ಬಲವನ್ನು ಅವರಷ್ಟು ಅರಿತು ಬರೆದವರು ಆ ಪೀಳಿಗೆಯಲ್ಲಿ ವಿರಳ.

ಸಾಧನ ಬದಲಾದರೆ ರೂಪವೂ ಬದಲಾಗುತ್ತದೆ ಎಂಬುದನ್ನು ನೋಡಲು ನಾವು ಮುಂಬಯಿಗೆ ಹೋಗಬೇಕಿಲ್ಲ. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದ ಬಂಡೆಗಳಲ್ಲಿ ಕಲ್ಲಿನಿಂದ ಕುಟ್ಟಿ ಮೂಡಿಸಿದ ಚಿತ್ರಗಳೂ ಇವೆ, ಬಣ್ಣದಲ್ಲಿ ಬರೆದವೂ ಇವೆ. ಕುಟ್ಟುವ ಕೈಗೆ ಸಿಗುವುದು ಮೈತುಂಬಿದ ಆಕಾರ. ಬಳಿಯುವ ಕೈಗೆ ಸಿಗುವುದು ಓಡುವ ಗೆರೆ.

ಒಂದು ಅನ್ಯಾಯದ ಬಗ್ಗೆ ಹೇಳಲೇಬೇಕು. ಜೆ. ಜೆ. ಶಾಲೆಯಲ್ಲೇ ಕಲಿತ ಉಡುಪಿ ಸೀಮೆಯ ಕೆ. ಕೆ. ಹೆಬ್ಬಾರ್ ವಾಸ್ತವ ಶೈಲಿ ಬಿಟ್ಟು ಅಜಂತಾ, ಜೈನ ಹಸ್ತಪ್ರತಿಗಳ ಕಡೆ ಹೊರಳಿದರು. 1949ರಲ್ಲಿ ಪ್ಯಾರಿಸಿಗೆ ಹೋಗಿ ಬಂದರು. ಲಯ ತಿಳಿಯಲೆಂದು ಕಥಕ್ ಕಲಿತು, ಕುಣಿಯುವ ರೇಖೆಗಳನ್ನು ಬರೆದರು. ಆ ನಡೆಯನ್ನು ಕಲಾಲೋಕ ಬೆಳವಣಿಗೆ ಎಂದು ಗೌರವಿಸಿತು, ಅದು ಸರಿಯೇ. ಶೋಕಾರ್ಡಿನಿಂದ ಮುಖಪುಟಕ್ಕೆ, ಅಲ್ಲಿಂದ ಎಣ್ಣೆಬಣ್ಣದ ಪುರಾಣಕ್ಕೆ ನಡೆದ ಪಂಡಿತರನ್ನು ಮಾತ್ರ ‘ಕ್ಯಾಲೆಂಡರ್‌ನವರು’ ಎಂದು ಬದಿಗಿಟ್ಟಿತು. ಮುದ್ರಣಯಂತ್ರವನ್ನು ಎದುರಿಟ್ಟುಕೊಂಡು ಬರೆದ ಚಿತ್ರಕ್ಕೆ ಅದರದೇ ಲೆಕ್ಕಾಚಾರ ಇದೆ. ಅದನ್ನು ಗ್ಯಾಲರಿಯ ಅಳತೆಗೋಲಿನಿಂದ ಅಳೆದು ಕಡಿಮೆ ಎನ್ನುವುದು ವಿಮರ್ಶೆಯಲ್ಲ.

ಪಂಡಿತರು 1993ರಲ್ಲಿ ತೀರಿಕೊಂಡರು. ಕಲಬುರಗಿಯ ರಂಗಮಂದಿರಕ್ಕೆ ಅವರ ಹೆಸರಿದೆ. ಅಲ್ಲಿಗೆ ನಾಟಕ ನೋಡಲು ಹೋಗುವ ನಮ್ಮ ಹುಡುಗರಿಗೆ ಅವರ ಒಂದು ಚಿತ್ರವಾದರೂ ಗುರುತು ಸಿಗಬೇಕೆಂಬುದು ಈ ಸಂಚಿಕೆಯ ಆಸೆ.

ಓದುಗರಲ್ಲೊಂದು ಕೋರಿಕೆ. ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಹಳೆಯ ಕಟ್ಟುಗಳನ್ನು ತೆಗೆದು ಹಾಕುವ ಮೊದಲು ಚಿತ್ರದ ಕೆಳಮೂಲೆ ನೋಡಿ. ಕಲಾವಿದರ ಸಹಿ, ಅಚ್ಚು ಹಾಕಿದ ಪ್ರೆಸ್ಸಿನ ಹೆಸರು, ಒಮ್ಮೊಮ್ಮೆ ಕ್ಯಾಲೆಂಡರು ಕೊಟ್ಟ ಅಂಗಡಿಯ ಹೆಸರೂ ಉಳಿದಿರುತ್ತದೆ. ಅದರ ಫೋಟೊ ತೆಗೆದು, ಅದು ಯಾವ ಕಾಲದಲ್ಲಿ ಮನೆಗೆ ಬಂತೆಂದು ಹಿರಿಯರನ್ನು ಕೇಳಿ ಬರೆದು ನಮಗೆ ಕಳಿಸಿ. ಪಂಡಿತರದೇ ಆಗಬೇಕೆಂದಿಲ್ಲ. ಬಂದವನ್ನೆಲ್ಲ ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ.