ಕೊರಂಗಾಡು ಬೀಳುಭೂಮಿಯಲ್ಲ

ಅಕ್ಟೋಬರ್ 2 ಹತ್ತಿರ ಬರುತ್ತಿದೆ. ಗಾಂಧಿ ಜಯಂತಿಯ ದಿನ ತಮಿಳುನಾಡಿನ ಊರೂರಲ್ಲೂ ಗ್ರಾಮಸಭೆ ಸೇರುತ್ತದೆ. ತಿರುಪ್ಪೂರು ಜಿಲ್ಲೆಯ ಕಾಂಗೇಯಂ, ವೆಳ್ಳಕೋವಿಲ್, ಮೂಲನೂರು, ಧಾರಾಪುರಂ ಸುತ್ತಿನ ಸಭೆಗಳಲ್ಲಿ ಈ ಸಲ ಬೇರೆ ಏನು ಬರೆಯದಿದ್ದರೂ ಒಂದು ಮಾತು ಬರೆಸಲೇಬೇಕು: ಕೊರಂಗಾಡು ಬೀಳುಭೂಮಿಯಲ್ಲ.

ಬಿತ್ತನೆ ಕಾಣದ ನೆಲಕ್ಕೆ ಅಲ್ಲಿನ ಕಂದಾಯದ ಮಾತಿನಲ್ಲಿ ‘ತರಿಸು’ ಎಂಬ ಹೆಸರಿದೆ. ಬೀಳು, ಪಾಳು ಎಂದು ಅರ್ಥ. ಕೊರಂಗಾಡಿಗೆ ನೇಗಿಲು ಬೀಳುವುದು ಎಷ್ಟೋ ವರ್ಷಕ್ಕೊಮ್ಮೆ, ಹಾಗಾಗಿ ಕಾರಿನಿಂದ ಇಳಿದು ನೋಡುವವರ ಕಣ್ಣಿಗೆ ಅದೂ ತರಿಸು. ತಲೆಮಾರುಗಳ ದುಡಿಮೆಗೆ ಸಿಕ್ಕ ಹೆಸರು ಇದು! ಈ ಮೂರಕ್ಷರ ಒಂದು ಸೀಮೆಯ ಬದುಕನ್ನು ನುಂಗುತ್ತಿದೆ.

ಕೊಂಗು ಸೀಮೆಯಲ್ಲಿ ಕಾಡು ಎಂದರೆ ಮಳೆ ನಂಬಿದ ಹೊಲ. ಬಾವಿ ನೀರಿದ್ದರೆ ತೋಟ, ಇಲ್ಲದಿದ್ದರೆ ಕಾಡು. ‘ಅಪ್ಪ ಕಾಡಿಗೆ ಹೋಗಿದ್ದಾರೆ’ ಎಂದು ಮಗು ಹೇಳಿದರೆ ಹೊಲಕ್ಕೆ ಹೋಗಿದ್ದಾರೆ ಎಂದು ತಿಳಿಯಬೇಕು. ಪಡುವಲಲ್ಲಿ ಘಟ್ಟ ಅಡ್ಡ ನಿಂತು ಮುಂಗಾರನ್ನು ತಡೆಯುತ್ತದೆ, ಪಾಲಕ್ಕಾಡಿನ ಕಂಡಿಯಿಂದ ಗಾಳಿ ಮಾತ್ರ ಈಚೆಗೆ ನುಗ್ಗುತ್ತದೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲೂ ಹೆಚ್ಚಿನದು ಹಿಂಗಾರಿನದು. ಇಂಥ ನೆಲದಲ್ಲಿ ಹಿರಿಯರು ಮೂರು ಗಿಡ ಕೂಡಿಸಿ ಒಂದು ಬೇಸಾಯ ಕಟ್ಟಿದರು, ಅದೇ ಕೊರಂಗಾಡು. ನೆಲದ ತುಂಬ ಕೊಳುಕ್ಕಟ್ಟೈ ಹುಲ್ಲು, ನಡುನಡುವೆ ಬಿಳಿಜಾಲಿ ಮರ, ಸುತ್ತ ಮುಳ್ಳುಕಿಳುವೆಯ ಬೇಲಿ.

ಕಿಳುವೆಯ ಕಡ್ಡಿಯನ್ನು ಮಳೆಯ ಹಸಿಯಲ್ಲಿ ಒತ್ತೊತ್ತಾಗಿ ಊರಿದರೆ ಸಾಕು, ಬೇರು ಬಿಡುತ್ತದೆ. ಕೆಲವು ವರ್ಷಕ್ಕೆ ಕುರಿಮರಿಯೂ ನುಸುಳದಂತೆ ಹೆಣೆದುಕೊಳ್ಳುತ್ತದೆ. ಕಲ್ಲುಕಂಬ ಬೇಡ, ಮುಳ್ಳುತಂತಿ ಬೇಡ. ಬಿಳಿಜಾಲಿಯ ಎಲೆ ಸಣ್ಣದು, ನೆರಳು ತೆಳ್ಳಗೆ, ಅಡಿಯ ಹುಲ್ಲು ಸಾಯುವುದಿಲ್ಲ. ಬೇಸಗೆಯಲ್ಲಿ ಹುಲ್ಲು ಬಿಳಿಚಿಕೊಂಡ ಹೊತ್ತಿಗೆ ಮರದ ಕಾಯಿ ಮಾಗಿ ಉದುರುತ್ತದೆ. ಗಾಳಿ ಬೀಸಿ ಕಾಯಿ ಬಿದ್ದ ಸದ್ದಾದರೆ ಕುರಿಗಳು ತಲೆಯೆತ್ತಿ ಅತ್ತ ಓಡುತ್ತವೆ. ಉಳಿದ ಕಾಯಿಯನ್ನು ಹೆಂಗಸರು ಆಯ್ದು ಚೀಲಕ್ಕೆ ತುಂಬಿಡುತ್ತಾರೆ. ತಿಂದ ಕಾಯಿಯ ಬೀಜ ಹಿಕ್ಕೆಯ ಜೊತೆ ನೆಲಕ್ಕೆ ಬಿದ್ದು ಮತ್ತೆ ಮೊಳೆಯುತ್ತದೆ. ಒಂದು ಪಟ್ಟಿ ಮೇಯಿಸಿ ಮುಗಿಸಿ, ಅದರ ಬಾಗಿಲು ಮುಚ್ಚಿ, ಇನ್ನೊಂದನ್ನು ತೆರೆಯುತ್ತಾರೆ. ಮರ, ಮೇವು, ದನ ಕೂಡಿದ ಇಂಥ ಬೇಸಾಯಕ್ಕೆ ಕೃಷಿ ಅರಣ್ಯ ಎಂದು ಹೆಸರಿಟ್ಟು ಕಾಲೇಜುಗಳಲ್ಲಿ ಪಾಠ ಹೇಳುತ್ತಾರೆ. ಕಾಂಗೇಯಂನ ರೈತ ಮಾಡಿದರೆ ಅದು ಬೀಳು!

ಕಾಂಗೇಯಂ ಹೋರಿ ಬೆಳೆದದ್ದು ಇದೇ ಹುಲ್ಲಿನ ಮೇಲೆ. ಹುಟ್ಟುವಾಗ ಕೆಂಚು, ಬೆಳೆಯುತ್ತ ಬೂದು, ಹೋರಿಯಾದರೆ ಹಿಣಿಲಿಗೆ ಕಪ್ಪು. ಪಳೈಯಕೋಟೈನ ಪಟ್ಟಗಾರರು ಈ ತಳಿಯನ್ನು ಆರಿಸಿ ತಿದ್ದಿದರು, ವೆಳ್ಳಕೋವಿಲ್ ಬಳಿಯ ಕಣ್ಣಪುರಂನಲ್ಲಿ ಮಾರಿಯಮ್ಮನ ಹಬ್ಬಕ್ಕೆ ಇವುಗಳ ಜಾತ್ರೆಯೇ ಸೇರುತ್ತದೆ. 2017ರ ಜನವರಿಯಲ್ಲಿ ಜಲ್ಲಿಕಟ್ಟಿಗಾಗಿ ಚೆನ್ನೈನ ಮರೀನಾ ತೀರದಲ್ಲಿ ಯುವಕರು ರಾತ್ರಿ ಹಗಲು ಕೂತರು, ನಾಟಿ ತಳಿ ಉಳಿಯಲಿ ಎಂದು ಗಂಟಲು ಹರಿದುಕೊಂಡರು. ಒಳ್ಳೆಯದೇ. ಆ ಹೋರಿ ಮನೆಗೆ ಬಂದು ಏನು ತಿನ್ನಬೇಕು ಎಂದು ಅವರಲ್ಲಿ ಎಷ್ಟು ಮಂದಿ ಕೇಳಿದರು? ಮೇವಿನ ನೆಲ ಹೋದ ಮೇಲೆ ಹೋರಿ ಅಂಗಿಯ ಮೇಲಿನ ಚಿತ್ರವಾಗಿ ಉಳಿಯುತ್ತದೆ, ಅಷ್ಟೇ.

ಬೀಳು ಎಂದ ಕೂಡಲೇ ಎಲ್ಲರಿಗೂ ಜಾಗ ಬೇಕು. ಗಾಳಿಯಂತ್ರಕ್ಕೆ ಬೇಕು, ಸೋಲಾರಿಗೆ ಬೇಕು, ಸೈಟು ಮಾಡುವವರಿಗೆ ಬೇಕು. ಛತ್ತೀಸಗಢದ ರಾಯಗಢದಿಂದ ಪುಗಳೂರಿಗೆ 800 ಕಿಲೋವೋಲ್ಟ್ ತಂತಿ ಎಳೆಯುವಾಗ ಗೋಪುರಗಳು ಹೊಲಗಳಲ್ಲೇ ನಿಂತವು. 2018ರ ಡಿಸೆಂಬರಿನಲ್ಲಿ ಕೊಯಮತ್ತೂರು, ತಿರುಪ್ಪೂರು, ಈರೋಡು ಸೀಮೆಯ ರೈತರು ಅದರ ವಿರುದ್ಧ ಬೀದಿಗಿಳಿದರು. ಗೋಪುರದ ವಿರುದ್ಧ ಬಾಯಿ ತೆರೆದ ಮುಖಂಡರು ಮೇವುಗಾವಲಿನ ಮಾತು ಬಂದಾಗ ಯಾಕೆ ತುಟಿ ಹೊಲಿದುಕೊಳ್ಳುತ್ತಾರೆ? ಕುರಿ ಮೇಯಿಸುವವರ ಬಳಿ ವೋಟು ಕಡಿಮೆಯೇ?

ಕಾಲುವೆಯ ಮೇಲಿನವರಿಗೂ ಒಂದು ಮಾತು. ಪರಂಬಿಕುಳಂ–ಆಳಿಯಾರ್ ಯೋಜನೆಯ ಅಚ್ಚುಕಟ್ಟು 3.77 ಲಕ್ಷ ಎಕರೆ, ನಾಲ್ಕು ವಲಯಗಳಿಗೆ ಸರದಿಯ ಮೇಲೆ ನೀರು. ಕೊನೆಯ ಭಾಗದ ವೆಳ್ಳಕೋವಿಲ್ ಕಡೆಯವರು ನೀರಿಗಾಗಿ ಮತ್ತೆ ಮತ್ತೆ ಧರಣಿ ಕೂರಬೇಕಾಗಿದೆ. ಕೊರಂಗಾಡು ಆ ಕಾಲುವೆಯಿಂದ ಒಂದು ಹನಿಯನ್ನೂ ಕೇಳುವುದಿಲ್ಲ. ಮೇಲ್ಭಾಗದ ತೆಂಗಿನ ತೋಟದವರು ಹೊಟ್ಟೆ ತುಂಬ ನೀರು ಕುಡಿದು, ನೀರೇ ಕೇಳದ ಬೇಸಾಯವನ್ನು ಸೋಮಾರಿಗಳ ಬೇಸಾಯ ಎಂದು ಹಳಿಯುವುದು ಯಾವ ನ್ಯಾಯ?

ಇನ್ನು ಸಸಿ ನೆಡುವವರು. ನಗರದಿಂದ ಲಾರಿಯಲ್ಲಿ ಸಸಿ ತಂದು, ಹುಲ್ಲುನೆಲದಲ್ಲಿ ಗುಂಡಿ ತೋಡಿ, ಫೋಟೊ ತೆಗೆಸಿಕೊಂಡು ಹೋಗುವವರ ಭಕ್ತಿ ದೊಡ್ಡದಿರಬಹುದು. ಒಣಸೀಮೆಯನ್ನು ಹಸಿರು ಮಾಡುತ್ತೇವೆ ಎಂದು ಹಿಂದೆಯೂ ಹೊರಟದ್ದುಂಟು. ಆಗ ಸರ್ಕಾರವೇ ಹರಡಿದ ಬಳ್ಳಾರಿ ಜಾಲಿ ಎಂಥ ಹಸಿರು ತಂದಿತು? ಕೆರೆ ತುಂಬಿತು, ಗೋಮಾಳ ತುಂಬಿತು, ಹುಲ್ಲು ಸತ್ತಿತು. 2017ರಲ್ಲಿ ಮದ್ರಾಸ್ ಹೈಕೋರ್ಟಿನ ಮಧುರೈ ಪೀಠ ಅದನ್ನು ಕಿತ್ತುಹಾಕಿ ಎಂದು ಆದೇಶ ಕೊಡಬೇಕಾಯಿತು. ಮರವಿಲ್ಲದ ಕಡೆ ಮರ ನೆಡಲಿ, ಕೊಯಮತ್ತೂರಿನ ರಸ್ತೆಗಳಲ್ಲಿ ಬೇಕಾದಷ್ಟು ಜಾಗವಿದೆ. ಕೊರಂಗಾಡಿನಲ್ಲಿ ಮರ ಮೊದಲೇ ಇದೆ!

‘ಮಾರಿದವನು ರೈತನೇ ಅಲ್ಲವೇ?’ ಎನ್ನುವ ಜಾಣರಿದ್ದಾರೆ. ಹೌದು, ಮಾರಿದ. ಬೆಳೆ ಹಾಕಿದವನಿಗೆ ಸಾಲ, ವಿಮೆ, ಪರಿಹಾರ. ಹುಲ್ಲು ಕಾಪಾಡಿದವನ ನೆಲ ಲೆಕ್ಕದಲ್ಲಿ ಪಾಳು. ಬೀದಿನಾಯಿಗಳು ಕುರಿಗಳನ್ನು ಕಚ್ಚಿ ಕೊಂದಾಗ ಅವನು ಸತ್ತ ಕುರಿಗಳನ್ನು ರಸ್ತೆಯಲ್ಲಿಟ್ಟು ಕೂಗಿದ ಮೇಲೆ ತಾನೇ ಅಧಿಕಾರಿಗಳ ಜೀಪು ಬಂದದ್ದು? ಮಗ ಬನಿಯನ್ ಕಂಪನಿಗೆ ಹೋದ, ಬೇಲಿ ಕಟ್ಟಲು ಆಳಿಲ್ಲ, ಕೊನೆಗೆ ನೆಲ ಹೋಯಿತು. ಅದಕ್ಕೆ ಅವನನ್ನೇ ಕಟಕಟೆಗೆ ಹತ್ತಿಸುತ್ತಾರೆ. ಬನಿಯನ್ ಕಂಪನಿಗಳು ತಂದ ತಿರುಪ್ಪೂರಿನ ಅಭಿವೃದ್ಧಿಯ ಮಾತಾಡುವವರು ನೊಯ್ಯಲ್ ನದಿಯ ದಂಡೆಗೆ ಹೋಗಿ ಬರಲಿ. ಒರತ್ತುಪಾಳೆಯಂನಲ್ಲಿ 1992ರಲ್ಲಿ ಕಟ್ಟಿದ ಅಣೆಕಟ್ಟು ಬಣ್ಣದ ನೀರಿನ ತೊಟ್ಟಿಯಾಯಿತು. 2011ರ ಜನವರಿಯಲ್ಲಿ ಡೈಯಿಂಗ್ ಘಟಕಗಳನ್ನು ಹೈಕೋರ್ಟೇ ಮುಚ್ಚಿಸಬೇಕಾಯಿತು.

ಪೊಳ್ಳಾಚಿ, ಉಡುಮಲೈ ಕಡೆ ಮನೆಯಲ್ಲಿ ಕನ್ನಡ ಆಡುವ ಒಕ್ಕಲಿಗರಿಗೆ, ದೇವಾಂಗರಿಗೆ ಈ ಕರಪತ್ರ ಕನ್ನಡದಲ್ಲಿ ಬಂದಿರುವುದಕ್ಕೆ ಕಾರಣವಿದೆ: ಕನ್ನಡ ಮಾತಿನವರ ಮೇವಿನ ನೆಲಕ್ಕೂ ಇದೇ ಗತಿ. ಈರೋಡು ಜಿಲ್ಲೆಯ ಬರಗೂರು ಗುಡ್ಡದಲ್ಲಿ ಕನ್ನಡ ಮಾತಿನ ಲಿಂಗಾಯತರು ಕೆಂಪು ಬಿಳುಪಿನ ಬರಗೂರು ದನ ಸಾಕಿಕೊಂಡಿದ್ದಾರೆ. 2022ರ ಮಾರ್ಚಿನಲ್ಲಿ ಹೈಕೋರ್ಟು ಮೊದಲು ಎಲ್ಲ ಅರಣ್ಯದಲ್ಲೂ ಮೇಯಿಸುವುದನ್ನು ನಿಷೇಧಿಸಿತು, ಆಮೇಲೆ ನಿಷೇಧವನ್ನು ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಹುಲಿ ಮೀಸಲುಗಳಿಗೆ ಸೀಮಿತಗೊಳಿಸಿತು. 2024ರಲ್ಲಿ ಆ ಗುಡ್ಡಸೀಮೆಯಲ್ಲೇ ತಂದೈ ಪೆರಿಯಾರ್ ವನ್ಯಜೀವಿಧಾಮ ಘೋಷಣೆಯಾಯಿತು. ಚಿತ್ರದುರ್ಗದ ಚಳ್ಳಕೆರೆಯಲ್ಲಿ ಅಮೃತಮಹಲ್ ದನದ ಕಾವಲು ಸುಮಾರು 10,000 ಎಕರೆ ದೊಡ್ಡ ದೊಡ್ಡ ಸಂಸ್ಥೆಗಳ ಪಾಲಾಯಿತು. ಮೈಸೂರು ಅರಸರು ಕಾಪಾಡಿದ ಕಾವಲು! ಸುತ್ತಲ ಹಳ್ಳಿಯವರಿಗೆ ಗೊತ್ತಾಗುವ ಹೊತ್ತಿಗೆ ಗೋಡೆ ಎದ್ದಿತ್ತು. ಅಲ್ಲಿ ಖಾಲಿ ಜಾಗ ಎಂದರು, ಇಲ್ಲಿ ತರಿಸು ಎನ್ನುತ್ತಾರೆ.

ಕೊರಂಗಾಡಿನ ಜನ ಕೇಳುತ್ತಿರುವುದು ಬೆಟ್ಟದಷ್ಟಿಲ್ಲ. ನೆಲದ ಹೆಸರು ಕಾಗದದಲ್ಲಿ ಸರಿಯಾಗಲಿ, ಹುಲ್ಲಿಗೂ ಬೆಳೆಯ ಮಾನ ಸಿಗಲಿ, ಮೇವುಗಾವಲಿನ ವಿಷಯದಲ್ಲಿ ಊರಿನವರನ್ನು ಕೇಳದೆ ಯಾರೂ ಕೈಹಾಕದಿರಲಿ. ಉಳಿದದ್ದನ್ನು ಹೇಗೆ ಮಾಡಬೇಕು ಎಂಬುದನ್ನು ಸರ್ಕಾರ ಊರಿಗೆ ಬಂದು, ಬಿಳಿಜಾಲಿಯ ಕೆಳಗೆ ಕೂತು, ಕೇಳಿ ತಿಳಿಯಲಿ.

ಅಕ್ಟೋಬರ್ 2ರಂದು ಕುರಿಯವರು, ದನದವರು, ಗುತ್ತಿಗೆಗೆ ಹುಲ್ಲು ಹಿಡಿದವರು, ಕಾಯಿ ಆಯುವ ಹೆಂಗಸರು ಎಲ್ಲರೂ ಸಭೆಗೆ ಹೋಗಲಿ. ಮಾತು ಬಾಯಲ್ಲೇ ಮುಗಿಯದಿರಲಿ, ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಯುವವರೆಗೆ ಏಳದಿರಲಿ, ಸಹಿ ಹಾಕಿ ಅದರ ನಕಲು ಕೇಳಿ ಪಡೆಯಲಿ. ಅದೇ ತಿಂಗಳು ಹಿಂಗಾರು ಹಿಡಿಯುತ್ತದೆ. ಬೇಲಿ ಕಿತ್ತುಹೋದ ಕಡೆಯೆಲ್ಲ ಕಿಳುವೆಯ ಕಡ್ಡಿ ಊರಬೇಕು.