ಪಲ್ಲವಿಗೇ ನಿಲ್ಲಬೇಡಿ, ಚರಣ ಕೇಳಿ

ನಮ್ಮೂರು ತೆಕ್ಕಲಕೋಟೆಯಲ್ಲಿ ಒಂದು ಮದುವೆಯ ಹಿಂದಿನ ರಾತ್ರಿ ರಸಮಂಜರಿ ಕಾರ್ಯಕ್ರಮವಿತ್ತು. ಕೀಬೋರ್ಡು, ರಿದಂ ಪ್ಯಾಡು, ಆಳೆತ್ತರದ ಎರಡು ಸ್ಪೀಕರು. ಸಿನಿಮಾ ಹಾಡುಗಳ ನಡುವೆ ಗಾಯಕ ಶಿಶುನಾಳ ಷರೀಫರ ಗುಡಗುಡಿ ಪದ ಎತ್ತಿಕೊಂಡ. ಹುಡುಗರು ಎದ್ದು ಕುಣಿದರು. ಅವರಲ್ಲೊಬ್ಬ ಮುಷ್ಟಿಯನ್ನು ಬಾಯಿಗಿಟ್ಟು ಚಿಲುಮೆ ಎಳೆದ ಹಾಗೆ ನಟಿಸಿದ, ಉಳಿದವರು ಸಿಳ್ಳೆ ಹೊಡೆದರು. ಮುಂದೆ ಕೂತಿದ್ದ ಭಜನಾ ಮೇಳದ ಹಿರಿಯರೊಬ್ಬರು ಟವೆಲು ಹೆಗಲಿಗೆ ಹಾಕಿಕೊಂಡು ಎದ್ದು, “ಅರ್ಥ ಗೊತ್ತಿಲ್ಲದ ಮ್ಯಾಲೆ ಹಾಡಬ್ಯಾಡ್ರಪ್ಪಾ” ಎಂದವರೇ ಮನೆಗೆ ಹೊರಟುಬಿಟ್ಟರು.

ಮರುದಿನ ಚಹಾದ ಹೋಟೆಲಿನಲ್ಲಿ ಶುರುವಾದ ವಾದ ವಾರ ಕಳೆದರೂ ಮುಗಿಯಲಿಲ್ಲ. ಷರೀಫರ ಪದಗಳಿಗೆ ಒಳಗಿನ ಅರ್ಥ ಅಂತ ಒಂದಿದೆಯೇ? ಇದ್ದರೆ ಅದು ಯಾವುದು? ಅದನ್ನು ಹೇಳುವ ಹಕ್ಕು ಯಾರದು? ಐದು ಬಗೆಯ ಮಾತು ಬಂದವು. ಆಡಿದವರೆಲ್ಲ ನನಗೆ ಬೇಕಾದವರೇ. ಆದರೆ ಐದನ್ನೂ ನಾನು ಒಪ್ಪಲಾರೆ. ಯಾಕೆ ಎಂಬುದನ್ನು ಒಂದೊಂದಾಗಿ ಬರೆಯುತ್ತೇನೆ.

ಮೊದಲನೆಯ ಮಾತು: “ಅದು ಮೋಜಿನ ಹಾಡು, ಅರ್ಥ ಗಿರ್ಥ ಏನೂ ಇಲ್ಲ.”

ಹೀಗೆಂದವರು ಉದಾಹರಣೆಗೆ ತಂದದ್ದು ಕೋಡಗ–ಕೋಳಿ ಪದವನ್ನು. ಕೋಳಿ ಹೋಗಿ ಮಂಗನನ್ನು ನುಂಗುವುದು ಉಂಟೇ, ಪ್ರಾಸ ಕೂಡಿದೆ, ತಾಳ ಕೂಡಿದೆ, ಅಷ್ಟು ಸಾಕು ಎಂಬುದು ಅವರ ವಾದ.

ಆ ಪದದಲ್ಲಿ ಬರುವ ವಸ್ತುಗಳನ್ನು ಒಂದು ಸಲ ಕಣ್ಣೆದುರು ಇಟ್ಟುಕೊಳ್ಳಿ. ಗೋಡೆ ಸುಣ್ಣವನ್ನು ನುಂಗುತ್ತದೆ. ಹಬ್ಬಕ್ಕೆ ಮಣ್ಣಿನ ಗೋಡೆಗೆ ಸುಣ್ಣ ಬಳಿದವರನ್ನು ಕೇಳಿ: ಮೊದಲ ಕೋಟು ಕಾಣುವುದೇ ಇಲ್ಲ, ಗೋಡೆ ಅಷ್ಟನ್ನೂ ಕುಡಿದುಬಿಡುತ್ತದೆ. ಕುಣಿಯಲು ಬಂದವಳನ್ನು ಮದ್ದಲೆ ನುಂಗುತ್ತದೆ. ಬಯಲಾಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ತಾಳ ಏರಿದ ಮೇಲೆ ಪಾತ್ರಧಾರಿ ತನ್ನ ಕೈಯಲ್ಲಿ ತಾನಿರುವುದಿಲ್ಲ. ಮಗ್ಗದಲ್ಲಿ ಕೂತವನನ್ನು ಕುಣಿ ನುಂಗುತ್ತದೆ. ಕುಣಿಮಗ್ಗದಲ್ಲಿ ನೇಕಾರ ಕಾಲು ಇಳಿಬಿಟ್ಟು ಕೂರುವುದೇ ನೆಲದೊಳಗಿನ ಕುಣಿಯಲ್ಲಿ. ದೂರದಿಂದ ನೋಡಿದರೆ ಅವನ ಅರ್ಧ ಮೈ ಭೂಮಿಯೊಳಗಿರುತ್ತದೆ, ಆಯುಷ್ಯವೂ ಅಲ್ಲಿಯೇ ಸವೆಯುತ್ತದೆ. ಒಳ್ಳು ಒನಕೆಯನ್ನು ನುಂಗುತ್ತದೆ. ಕುಟ್ಟಿ ಕುಟ್ಟಿ ಒನಕೆಯ ತುದಿ ಸವೆದು ಗಿಡ್ಡವಾಗುವುದನ್ನು ನಮ್ಮ ಅಜ್ಜಿಯರು ಕಂಡಿದ್ದರು.

ಹೀಗೆ ಮೇಲ್ನೋಟಕ್ಕೆ ತಲೆಕೆಳಗಾದ ಪ್ರತಿಯೊಂದು ಮಾತಿನ ಹಿಂದೆ ಹಳ್ಳಿಯ ಬದುಕಿನ ಒಂದು ನಿಜವಿದೆ. ಚಿಕ್ಕದು ದೊಡ್ಡದನ್ನು, ಕೆಲಸ ಕೆಲಸಗಾರನನ್ನು ತಿಂದುಹಾಕುತ್ತದೆ. ಪದ ಹೋಗಿ ಮುಟ್ಟುವುದು ಗೋವಿಂದ ಗುರುವಿನ ಪಾದವನ್ನು. ಅಷ್ಟು ಹೊತ್ತಿಗೆ ನುಂಗಿಸಿಕೊಳ್ಳಲು ಉಳಿದಿರುವುದು ಹಾಡುವವನ ‘ನಾನು’ ಒಂದೇ. ಅರ್ಥವಿಲ್ಲದ ಹಾಡು ಇಷ್ಟು ನೆಟ್ಟಗೆ ಒಂದು ಕಡೆಗೆ ನಡೆಯುವುದಿಲ್ಲ.

ಇನ್ನೊಂದು ಮಾತು. ಬಳ್ಳಾರಿ ಸೀಮೆಯವರಾದ ನಮಗೆ ಹುಚ್ಚುಮಾತು ಹೊಸದಲ್ಲ. ಚೆಳ್ಳಗುರ್ಕಿಯ ಎರ್ರಿತಾತನಿಗೆ ಇವತ್ತಿಗೂ ನಡೆದುಕೊಳ್ಳುತ್ತೇವೆ. ‘ಎರ್ರಿ’ ಎಂದರೆ ತೆಲುಗಿನಲ್ಲಿ ಹುಚ್ಚು. ಅವಧೂತನನ್ನು ಹುಚ್ಚ ಎಂದು ಕರೆದು ಅವನ ಮುಂದೆಯೇ ಕೈಮುಗಿದ ಜನ ನಾವು. ಹುಚ್ಚಿನಂತೆ ಕಂಡದ್ದರ ಒಳಗೆ ಏನೋ ಇರುತ್ತದೆ ಎಂಬ ಎಚ್ಚರ ನಮ್ಮ ರಕ್ತದಲ್ಲಿಯೇ ಇದೆ. ಷರೀಫರ ಪದಕ್ಕೆ ಬಂದಾಗ ಅದನ್ನು ಯಾಕೆ ಬಿಟ್ಟುಕೊಡಬೇಕು?

ಎರಡನೆಯ ಮಾತು: “ಗುಡಗುಡಿ ಪದ ನಶೆಯ ಹಾಡು. ತತ್ವ ಅನ್ನೋದೆಲ್ಲ ಆಮೇಲೆ ಹಚ್ಚಿದ ಬಣ್ಣ.”

ಹುಡುಗರ ವಾದವಿದು. ಒಂದಿಬ್ಬರು ಹಿರಿಯರೂ ಇದನ್ನೇ ನಂಬಿ, ಆ ಪದವನ್ನು ಮದುವೆ ಮನೆಯಲ್ಲಿ ಹಾಡಲೇಬಾರದು ಎಂದರು. ಒಬ್ಬರಿಗೆ ಖುಷಿ, ಇನ್ನೊಬ್ಬರಿಗೆ ಸಿಟ್ಟು. ಎಡವಿದ ಕಲ್ಲು ಮಾತ್ರ ಒಂದೇ: ಇಬ್ಬರೂ ಪಲ್ಲವಿಯ ಮೊದಲ ಮಾತಿಗೇ ನಿಂತುಬಿಟ್ಟಿದ್ದಾರೆ.

ಪಲ್ಲವಿ ಗುಡಗುಡಿ ಸೇದಲು ಹೇಳುತ್ತದೆ, ನಿಜ. ಅದೇ ಉಸಿರಿನಲ್ಲಿ ಒಡಲೊಳಗಿನ ರೋಗವನ್ನು ತೆಗೆದು ಹೊರಗೆ ಎಸೆಯಲೂ ಹೇಳುತ್ತದೆ. ಚರಣಕ್ಕೆ ಬಂದರೆ ಷರೀಫರು ಏನನ್ನೂ ಬಚ್ಚಿಟ್ಟಿಲ್ಲ. ಬಿಚ್ಚಬೇಕಾದ ಸಂಚಿ ಮನಸ್ಸು. ಕೊಚ್ಚಬೇಕಾದ ಭಂಗಿ ಮೋಹ. ಕೈಯಲ್ಲಿ ಹಿಡಿದ ಬುರುಡೆ ಈ ಶರೀರ. ಸೇದುವ ಸಾಮಾನುಗಳಿಗೆ ಅವರೇ ಒಂದೊಂದು ಹೆಸರಿಟ್ಟು ಕೊಟ್ಟಿದ್ದಾರೆ. ಒಳಾರ್ಥವನ್ನು ಯಾರೋ ಪಂಡಿತರು ಹೊರಗಿನಿಂದ ತಂದು ಅಂಟಿಸಿದ್ದು ಎನ್ನುವುದಕ್ಕೆ ಇಲ್ಲಿ ಜಾಗವೇ ಇಲ್ಲ.

ಹೋಲಿಕೆ ಎಷ್ಟು ಖಚಿತವಾಗಿದೆ ಎಂಬುದನ್ನೂ ನೋಡಿ. ನಮ್ಮ ತಾತನ ಹತ್ತಿರ ಒಂದು ಬಟ್ಟೆಯ ಸಂಚಿ ಇತ್ತು. ಎಲೆಗೆ ಒಂದು ಅರೆ, ಅಡಿಕೆಗೆ ಒಂದು, ತಂಬಾಕಿಗೆ ಒಂದು, ಸುಣ್ಣದ ಡಬ್ಬಿಗೆ ಒಂದು. ಬಾಯಿಗೆ ದಾರ ಹಾಕಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ. ಕಟ್ಟೆಯ ಮೇಲೆ ಕೂತು ಅದನ್ನು ಬಿಚ್ಚಿದನೆಂದರೆ ಒಳಗೆ ಏನಿದೆ, ಏನು ಮುಗಿದಿದೆ ಎಂಬುದು ಸುತ್ತ ಕೂತವರಿಗೆಲ್ಲ ಕಾಣುತ್ತಿತ್ತು. ಮುಚ್ಚಿಡುವ ಹಾಗಿರಲಿಲ್ಲ. ಮನಸ್ಸನ್ನು ಸಂಚಿ ಎಂದ ಕವಿ ಇದನ್ನು ಕಂಡವನು. ಗುಡಗುಡಿಯಲ್ಲಿ ಹೊಗೆ ಬುರುಡೆಯ ನೀರನ್ನು ಹಾದೇ ಬಾಯಿಗೆ ಬರುತ್ತದೆ, ಆ ಗುಡುಗುಡು ಸದ್ದು ಅದರದ್ದೇ. ಸುಡಬೇಕಾದದ್ದು ಮೋಹ ಎಂದ ಮೇಲೆ ಅದನ್ನು ನಶೆಯ ಜಾಹೀರಾತು ಎನ್ನುವುದು ಹಾಡಿನ ಬಾಯಿಗೆ ಬಟ್ಟೆ ತುರುಕಿದ ಹಾಗೆ.

ಮೂರನೆಯ ಮಾತು: “ಒಳಾರ್ಥ ಬಲ್ಲವರಿಗೆ ಮಾತ್ರ. ಪ್ರತಿ ಶಬ್ದಕ್ಕೂ ಗೊತ್ತಾದ ಅರ್ಥವಿದೆ, ಅದನ್ನು ಕಲಿತು ಒಪ್ಪಿಕೊಳ್ಳಬೇಕು.”

ಹೀಗೆಂದವರು ಓದಿಕೊಂಡವರು, ಅವರ ಬಗ್ಗೆ ನನಗೆ ಗೌರವವಿದೆ. ಕೋಡಗ ಎಂದರೆ ಚಂಚಲ ಮನಸ್ಸು, ಮನೆ ಎಂದರೆ ದೇಹ ಎಂದು ಅವರು ಪಟ್ಟಿಯನ್ನೇ ಹೇಳಿದರು. ಪಟ್ಟಿ ತಪ್ಪು ಎಂದು ನಾನು ಹೇಳುತ್ತಿಲ್ಲ. ಪಟ್ಟಿಗೆ ಪದ ಮುಗಿಯಿತು ಎನ್ನುವುದನ್ನು ಒಪ್ಪುವುದಿಲ್ಲ.

ಒಗಟಿನ ಹಾಗೆ ಅರ್ಥವನ್ನು ಒಳಗಿಟ್ಟು ಹೇಳುವ ಬೆಡಗಿನ ಮಾತು ಕನ್ನಡಕ್ಕೆ ಷರೀಫರಿಂದ ಬಂದದ್ದಲ್ಲ. ಅಲ್ಲಮಪ್ರಭುವಿನ ಬೆಡಗಿನ ವಚನಗಳಿವೆ, ಕನಕದಾಸರ ಮುಂಡಿಗೆಗಳಿವೆ. ಬೆಡಗಿನ ವಚನಗಳಿಗೆ ಟೀಕೆ ಬರೆಯುವ ಕೆಲಸ 15ನೇ ಶತಮಾನದಲ್ಲಿಯೇ ಜೋರಾಗಿ ನಡೆಯಿತು. ಅಲ್ಲಮನ ಸುತ್ತ ವಚನಗಳನ್ನು ಜೋಡಿಸಿದ ಶೂನ್ಯಸಂಪಾದನೆಯನ್ನು ಶಿವಗಣಪ್ರಸಾದಿ ಮಹಾದೇವಯ್ಯನಿಂದ ಗೂಳೂರು ಸಿದ್ಧವೀರಣ್ಣೊಡೆಯನ ತನಕ ನಾಲ್ವರು ನಾಲ್ಕು ಬಗೆಯಲ್ಲಿ ಕಟ್ಟಿದರು. ಒಬ್ಬರ ಜೋಡಣೆ ಇನ್ನೊಬ್ಬರಿಗೆ ಸಾಲಲಿಲ್ಲ. ಅಷ್ಟು ದೊಡ್ಡವರೇ ಒಂದು ಕೀಲಿಕೈಗೆ ನಿಲ್ಲಲಿಲ್ಲ ಎಂದ ಮೇಲೆ ನಾವು ಹೋಟೆಲಿನಲ್ಲಿ ಕೂತು ಬೀಗ ಹಾಕುವುದು ಯಾವ ನ್ಯಾಯ?

ಪಟ್ಟಿಯಿಂದ ಆಗುವ ಇನ್ನೊಂದು ನಷ್ಟವನ್ನು ನಾನು ಸ್ವತಃ ಕಂಡಿದ್ದೇನೆ. ಷರೀಫರ ಸೋರುವ ಮಾಳಿಗೆಯ ಪದ ಎಲ್ಲರಿಗೂ ಗೊತ್ತು. ನಾನು ಹುಟ್ಟಿದ್ದು ಮಣ್ಣಿನ ಮಾಳಿಗೆ ಮನೆಯಲ್ಲಿ. ಮಳೆಗಾಲಕ್ಕೆ ಮುಂಚೆ ಅಪ್ಪ ಮಾಳಿಗೆ ಹತ್ತಿ ಕರಿಕೆ ಕಿತ್ತು, ಸವಳು ಮಣ್ಣು ಹಾಕಿ ತುಳಿಯುತ್ತಿದ್ದ. ಒಂದು ವರ್ಷ ಹಾಕಲಾಗಲಿಲ್ಲ. ರಾತ್ರಿ ಮಳೆ ಹಿಡಿದಾಗ ಮೊದಲು ಒಲೆಯ ಮೇಲೆ ತೊಟ್ಟಿಕ್ಕಿತು, ಆಮೇಲೆ ಜೋಳದ ಚೀಲದ ಮೇಲೆ, ಆಮೇಲೆ ತಮ್ಮ ಮಲಗಿದ್ದ ಕಡೆ. ಅವ್ವ ಕತ್ತಲಲ್ಲಿ ಸದ್ದಿನ ಮೇಲೆಯೇ ಜಾಗ ಹುಡುಕಿ ತಟ್ಟೆ, ಚರಿಗೆ, ಕೊಪ್ಪರಿಗೆ ಇಡುತ್ತಾ ಹೋದಳು. ಹತ್ತಿ ಸರಿಮಾಡೋಣವೆಂದರೆ ನೆನೆದ ಮಾಳಿಗೆ ಕಾಲಿಟ್ಟರೆ ಕುಸಿಯುತ್ತದೆ. ಬೆಳಗಾಗುವ ತನಕ ಸುಮ್ಮನೆ ಕೂತಿರಬೇಕು, ಅಷ್ಟೇ.

ಆ ಪದವನ್ನು ಕೇಳಿದಾಗಲೆಲ್ಲ ನನಗೆ ಆ ರಾತ್ರಿ ನೆನಪಾಗುತ್ತದೆ. ಮನೆ ಸೋರಲು ಅಜ್ಞಾನವೇ ಕಾರಣ ಎಂದು ಪದವೇ ಮೊದಲಿಗೇ ಹೇಳಿಬಿಡುತ್ತದೆ. ಅಂದರೆ ಒಳಾರ್ಥ ಗುಟ್ಟಲ್ಲ. ಆದರೆ ಮಳೆಗಾಲಕ್ಕೆ ಮುಂಚೆ ಮಾಡಬೇಕಾದ್ದನ್ನು ಮಾಡದೆ, ಮಳೆಯಲ್ಲಿ ಏನೂ ಮಾಡಲಾಗದೆ ಕೂತ ಆ ಭಯ ಗೊತ್ತಿರದವನಿಗೆ ‘ಮನೆ ಎಂದರೆ ದೇಹ’ ಎಂಬ ಪಾಠದಿಂದ ಏನೂ ಸಿಗುವುದಿಲ್ಲ. ತತ್ವಕ್ಕೆ ಹೋಗುವ ದಾರಿ ಆ ಸೋರುವ ಜಂತಿಯ ಕೆಳಗಿನಿಂದಲೇ ಹೋಗುತ್ತದೆ. ಇದನ್ನು ಬಲ್ಲ ನನ್ನ ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಅವಳು ಬಲ್ಲವಳಲ್ಲವೇ?

ಈ ಅರ್ಥ ಯಾರ ಸ್ವತ್ತು ಎಂಬ ಪ್ರಶ್ನೆಗೆ ಷರೀಫರ ಬದುಕೇ ಉತ್ತರ. ಇಮಾಮ ಸಾಹೇಬರ ಮಗ, ಕಳಸದ ಗೋವಿಂದ ಭಟ್ಟರ ಶಿಷ್ಯ, ಶಿಶುನಾಳಧೀಶನ ಅಂಕಿತ. ಶಿಶುನಾಳದ ಅವರ ಗದ್ದುಗೆಗೆ ಇಂದಿಗೂ ಹಿಂದೂ, ಮುಸ್ಲಿಂ ಎರಡೂ ಧರ್ಮದವರು ಬಂದು ತಲೆಬಾಗುತ್ತಾರೆ. ಅಲ್ಲಿ ಬಾಗಿಲಲ್ಲಿ ನಿಂತು ಅರ್ಹತೆ ಕೇಳುವವರಿಲ್ಲ.

ನಾಲ್ಕನೆಯ ಮಾತು: “ಕ್ಯಾಸೆಟ್ಟು, ಸಿನಿಮಾ, ಗಿಟಾರು ಬಂದು ಪದ ಕೆಟ್ಟವು.”

ಷರೀಫರು ಬದುಕಿದ್ದು 1819ರಿಂದ 1889ರವರೆಗೆ. ಅವರು ತೀರಿಕೊಂಡು ನೂರು ವರ್ಷಗಳ ಮೇಲೂ ತುಂಗಭದ್ರೆಯ ಈ ದಡದ ಹುಡುಗರ ಬಾಯಲ್ಲಿ ಅವರ ಪದ ಇದೆ ಎಂದರೆ ಮೊದಲ ಋಣ ಏಕತಾರಿ ಹಿಡಿದ ಭಜನೆಯವರದು. ಎರಡನೆಯ ಋಣ ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ ಅಂಥ ಗಾಯಕರದು. 1990ರಲ್ಲಿ ಟಿ.ಎಸ್. ನಾಗಾಭರಣ ‘ಸಂತ ಶಿಶುನಾಳ ಷರೀಫ’ ಚಿತ್ರ ಮಾಡಿದರು. ಶ್ರೀಧರ್ ಷರೀಫರಾದರು, ಗಿರೀಶ ಕಾರ್ನಾಡ ಗೋವಿಂದ ಭಟ್ಟರಾದರು, ಸಂಗೀತ ಅಶ್ವತ್ಥರದು. 2008ರಲ್ಲಿ ರಘು ದೀಕ್ಷಿತ್ ಗುಡಗುಡಿ ಪದವನ್ನು ತಮ್ಮ ಆಲ್ಬಮ್ಮಿಗೆ ತಂದಾಗ, ಭಜನೆಯ ಗುಡಿಯೊಳಗೆ ಒಮ್ಮೆಯೂ ಕೂರದ ಮಕ್ಕಳು ಅದನ್ನು ಬಾಯಿಪಾಠ ಮಾಡಿಕೊಂಡರು.

ಷರೀಫರು ಹೊಸದಕ್ಕೆ ಹೆದರಿದವರೂ ಅಲ್ಲ. ಗಿರಣಿ ಬಂದಾಗ ಗಿರಣಿಯ ಮೇಲೆಯೇ ಪದ ಕಟ್ಟಿದರು. ಗಿಟಾರಿನಿಂದ ಪದ ಕೆಡುವುದಿಲ್ಲ. ಪದ ಕೆಡುವುದು ಚರಣ ಬಿಟ್ಟಾಗ. ನಮ್ಮೂರ ಆ ರಾತ್ರಿ ಗಾಯಕ ಪಲ್ಲವಿಯನ್ನು ಮತ್ತೆ ಮತ್ತೆ ಹಾಡಿದ. ಒಂದು ಚರಣವನ್ನು ಅರ್ಧಕ್ಕೆ ನಿಲ್ಲಿಸಿದ, ಉಳಿದದ್ದನ್ನು ಮುಟ್ಟಲೇ ಇಲ್ಲ. ಹಿರಿಯರ ಸಿಟ್ಟು ನ್ಯಾಯವಾದದ್ದೇ, ಆದರೆ ಅದು ಕೀಬೋರ್ಡಿನ ಮೇಲೆ ಬೀಳಬಾರದಿತ್ತು.

ಐದನೆಯ ಮಾತು: “ಯಾರಿಗೆ ಏನು ಅನ್ನಿಸುತ್ತೋ ಅದೇ ಅರ್ಥ.”

ಕೇಳಲು ಉದಾರವಾದ ಮಾತು. ಆದರೆ ಬೇಂದ್ರೆಯವರು ಮಗುವಿನ ಸಾವಿನ ಸಂಕಟದಲ್ಲಿ, ಹೆಂಡತಿಯ ನೋಟವನ್ನು ತಾಳಲಾರದೆ ಬರೆದ ಪದ್ಯವನ್ನು ಪ್ರೇಮಗೀತೆ ಎಂದು ಗುನುಗುವವರನ್ನು ನಾನು ಕಂಡಿದ್ದೇನೆ. ಹಿನ್ನೆಲೆ ತಿಳಿದ ದಿನ ಅವರೇ ಸುಮ್ಮನಾಗುತ್ತಾರೆ. ಎಲ್ಲ ಅರ್ಥವೂ ಸರಿ ಎನ್ನುವುದಾದರೆ ಆ ಮೌನಕ್ಕೆ ಬೆಲೆ ಎಲ್ಲಿಯದು?

ನಮ್ಮೂರ ಗುಡ್ಡದಿಂದಲೇ ಒಂದು ಪಾಠ ಕಲಿಯಬಹುದು. 1963–65ರ ಅವಧಿಯಲ್ಲಿ ಎಂ.ಎಸ್. ನಾಗರಾಜರಾವ್ ಅವರು ತೆಕ್ಕಲಕೋಟೆಯಲ್ಲಿ ಉತ್ಖನನ ಮಾಡಿ ಇಲ್ಲಿ ನವಶಿಲಾಯುಗದ ಜನ ಬದುಕಿದ್ದುದನ್ನು ತೋರಿಸಿದರು. ಅಗೆಯುವವರು ಒಂದು ಕಲ್ಲಿನ ಕೊಡಲಿ ಸಿಕ್ಕರೆ ಅದು ಯಾವ ಪದರದಲ್ಲಿತ್ತು, ಪಕ್ಕದಲ್ಲಿ ಏನಿತ್ತು ಎಂಬುದನ್ನು ಮೊದಲು ಬರೆದುಕೊಳ್ಳುತ್ತಾರೆ. ಜಾಗ ತಪ್ಪಿಸಿ ಎತ್ತಿ ತಂದರೆ ಕೊಡಲಿ ಬರೀ ಕಲ್ಲಾಗುತ್ತದೆ. ಹಾಡಿನ ಮಾತೂ ಹಾಗೆಯೇ. ಭಂಗಿ ಎಂಬ ಶಬ್ದದ ಪಕ್ಕದಲ್ಲಿ ಮೋಹ ಎಂಬ ಶಬ್ದ ಕೂತಿದೆ. ಅದನ್ನು ಅಲ್ಲಿಂದ ಕಿತ್ತು ತಂದು ನಮಗೆ ಬೇಕಾದ ಅರ್ಥ ಹೇಳುವ ಸ್ವಾತಂತ್ರ್ಯ ನಮಗಿಲ್ಲ. ಪಕ್ಕದ ಮಾತನ್ನು ಒಪ್ಪಿಕೊಂಡು ಎಷ್ಟು ಆಳಕ್ಕಾದರೂ ಇಳಿಯಿರಿ, ಅಡ್ಡಿಯಿಲ್ಲ. ಗೋಡೆ–ಸುಣ್ಣದ ಬಗ್ಗೆ ನಾನು ಮೇಲೆ ಹೇಳಿದ್ದೂ ನನ್ನ ಓದೇ. ಅದಕ್ಕಿಂತ ಒಳ್ಳೆಯದನ್ನು ಯಾರಾದರೂ ಪದದ ಒಳಗಿನಿಂದಲೇ ತೋರಿಸಿದರೆ ಸಂತೋಷದಿಂದ ಒಪ್ಪುತ್ತೇನೆ.

ರಸಮಂಜರಿಯ ತಮ್ಮಂದಿರೇ, ಗುಡಗುಡಿ ಪದ ಹಾಡಿ, ಜೋರಾಗಿಯೇ ಹಾಡಿ, ಕುಣಿಯಿರಿ. ಆದರೆ ಚರಣಗಳನ್ನು ಪೂರ್ತಿ ಹಾಡಿ. ಭಜನೆಯ ಹಿರಿಯರೇ, ಮುಂದಿನ ಸಲ ಎದ್ದು ಹೋಗಬೇಡಿ. ಬಿಟ್ಟ ಚರಣವನ್ನು ಆ ಮೈಕಿನಲ್ಲಿಯೇ ನೀವು ಹೇಳಿಕೊಡಿ. ಅದು ನಿಮ್ಮ ಬಾಯಲ್ಲಿ ಇನ್ನೂ ಇದೆ, ಹುಡುಗರ ಬಾಯಿಗೆ ಬರಬೇಕಾದದ್ದು ಅದೇ.