ಫೆಸ್ಟ್ ಟೀಶರ್ಟ್‌ನಿಂದ ಕೌದಿ ಆಗಲ್ಲ

ನವೆಂಬರ್ ಹತ್ತಿರ ಬಂತು. ಕ್ಲಬ್ಬಿನ ವಾಟ್ಸಾಪ್ ಗ್ರೂಪಿನಲ್ಲಿ ಮತ್ತೆ ಅದೇ ಪ್ರಶ್ನೆ: ಈ ಸಲ ರಾಜ್ಯೋತ್ಸವದ ಟೀಶರ್ಟ್ ಡಿಸೈನ್ ಯಾರು ಮಾಡ್ತೀರಿ? ಡಿಸೈನ್ ಆಮೇಲೆ ನೋಡೋಣ, ಬಟ್ಟೆ ಯಾವುದು ಅಂತ ಮೊದಲು ಕೇಳಿ ಅನ್ನೋದು ನಮ್ಮ ವಾದ. ಇದು ನಮಗೆ ಹೊಳೆದದ್ದು ಕ್ಲಾಸಿನಲ್ಲಲ್ಲ, ಕೌಜಲಗಿಯಲ್ಲಿ.

ಕಳೆದ ಸೆಮಿಸ್ಟರ್ ರಜೆಯಲ್ಲಿ ನಾವು ಮೂವರು ರೂಮ್‌ಮೇಟ್‌ಗಳು ಕೌಜಲಗಿಗೆ ಹೋಗಿದ್ದೆವು. ಅದು ನಮ್ಮಲ್ಲೊಬ್ಬಳ ಊರು. ಜೊತೆಗೆ ಒಂದು ಚೀಲ ತುಂಬ ಹಳೆಯ ಟೀಶರ್ಟ್: ಟೆಕ್ ಫೆಸ್ಟ್, ಸ್ಪೋರ್ಟ್ಸ್ ಡೇ, ರಾಜ್ಯೋತ್ಸವ ಎಲ್ಲ ಸೇರಿ ಹದಿನಾಲ್ಕು. ಹೆಚ್ಚಿನವು ಒಂದೇ ದಿನ ಹಾಕಿದವು. ರೀಲ್ಸ್‌ನಲ್ಲಿ ಅಪ್‌ಸೈಕ್ಲಿಂಗ್ ನೋಡಿ ನೋಡಿ ನಮಗೂ ಹುಮ್ಮಸ್ಸು ಬಂದಿತ್ತು. ಇವನ್ನೆಲ್ಲ ಕತ್ತರಿಸಿ ಆಯಿ ಕಡೆಯಿಂದ ಒಂದು ಕೌದಿ ಹೊಲಿಸಿಕೊಂಡು ಬರೋದು ಪ್ಲಾನ್.

ಕೌದಿ ನೋಡಿರದ ಬೆಂಗಳೂರು ಕಡೆಯ ಗೆಳೆಯರಿಗೆ ಒಂದು ಮಾತು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತುಂಡು ಬಟ್ಟೆ ಜೋಡಿಸಿ, ಸಾಲು ಸಾಲಾಗಿ ಕೈಹೊಲಿಗೆ ಹಾಕಿದ ಹೊದಿಕೆ ಅದು. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಮಹಿಳೆಯರ ಕೌದಿಗಳು ಅಮೆರಿಕದ ಪ್ರದರ್ಶನಗಳವರೆಗೂ ಹೋಗಿವೆ. ಅಂದರೆ ರೀಲ್ಸ್‌ನವರು ಹೊಸದೇನನ್ನೂ ಕಂಡುಹಿಡಿದಿಲ್ಲ.

ಆಯಿ ಚೀಲ ಸುರುವಿದಳು. ಒಂದೊಂದನ್ನೇ ಬೆರಳಲ್ಲಿ ಉಜ್ಜಿ ನೋಡಿ ಎರಡು ಗುಂಪು ಮಾಡಿದಳು. ಈ ಕಡೆ ಐದು, ಆ ಕಡೆ ಒಂಬತ್ತು. ಒಂಬತ್ತನ್ನು ದೂರ ತಳ್ಳಿ, "ಇವು ಬ್ಯಾಡ ಯವ್ವಾ. ಬೆವರು ಹೀರಂಗಿಲ್ಲ. ಹೊಚಗೊಂಡ್ರ ನಿದ್ದಿ ಬರತೈತೇನು?" ಅಂದಳು.

ಲೇಬಲ್ ನೋಡಿದೆವು. ಒಂಬತ್ತೂ ಪಾಲಿಯೆಸ್ಟರ್! ಆದರೂ ನಂಬಿಕೆ ಬಾರದೆ ಎಳೆ ಕಿತ್ತು ಒಲೆಯ ಉರಿಗೆ ಹಿಡಿದೆವು. ಹತ್ತಿಯ ಎಳೆ ಕಾಗದ ಸುಟ್ಟ ವಾಸನೆ ಬಿಟ್ಟು ಬೂದಿಯಾಯಿತು. ಇನ್ನೊಂದು ಕರಗಿ ಕರೀ ಮಣಿಯಂತೆ ಗಟ್ಟಿಯಾಯಿತು. ನೀರಿನ ಬಾಟಲಿಗೂ ಈ ಟೀಶರ್ಟಿಗೂ ಪಾಲಿಮರ್ ಒಂದೇ. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ಸುಮಾರು 8.5% ತೇವ ಹಿಡಿದಿಟ್ಟುಕೊಳ್ಳುತ್ತೆ, ಪಾಲಿಯೆಸ್ಟರ್ ಬರೀ 0.4%. ನಾವು ಗೂಗಲ್ ಮಾಡಿ ತಿಳಿದದ್ದು ಆಯಿಗೆ ಬೆರಳಲ್ಲೇ ಗೊತ್ತಿತ್ತು. ಅದು ನಮಗೆ ಸ್ವಲ್ಪ ಅವಮಾನವೇ ಅನ್ನಿಸಿತು, ಸುಳ್ಳು ಯಾಕೆ ಹೇಳೋದು.

ಉಳಿದ ಐದರಿಂದಲೂ ಕೌದಿ ಆಗಲಿಲ್ಲ. ಟೀಶರ್ಟಿನದು ಹೆಣೆದ ಬಟ್ಟೆ, ಎಳೆದಂಗೆಲ್ಲ ಹಿಗ್ಗುತ್ತೆ, ಪದರ ಸರಿಯಾಗಿ ಕೂರಲ್ಲ. "ಚೀಲಾ ಹೊಲಕೋರಿ" ಅಂತ ಆಯಿ ಸೂಜಿದಾರ ನಮ್ಮ ಕೈಗೇ ಕೊಟ್ಟಳು. ತೋಳು, ಕುತ್ತಿಗೆ ಕತ್ತರಿಸಿ ತೆಗೆದರೆ ಹೆಗಲ ಪಟ್ಟಿಗಳೇ ಹಿಡಿಕೆ. ಒಳಮೈ ಹೊರಗೆ ಮಾಡಿ ಕೆಳಗಿನ ಅಂಚು ಹೊಲಿಯಬೇಕು: ಒಂದು ಹೊಲಿಗೆ ಮುಂದೆ, ಅರ್ಧ ಹಿಂದೆ, ಮತ್ತೆ ಮುಂದೆ. ಹಾಗೆ ಹೊಲಿದರೆ ಭಾರಕ್ಕೆ ಬಿಚ್ಚಲ್ಲ. ಎದೆಯ ಮೇಲಿನ ದಪ್ಪ ರಬ್ಬರ್ ಪ್ರಿಂಟ್ ಅಂಚಿನವರೆಗೂ ಬಂದಿದ್ದ ಒಂದರಲ್ಲಿ ಸೂಜಿಯೇ ಇಳಿಯಲಿಲ್ಲ, ಮುರಿಯಿತು.

ಒಂದು ಚೀಲಕ್ಕೆ ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ಬೆರಳಿಗೆ ಚುಚ್ಚಿಸಿಕೊಂಡದ್ದು ಲೆಕ್ಕಕ್ಕಿಲ್ಲ. ಆಮೇಲೆ ಗೋಡೆ ಪಕ್ಕ ಮಡಚಿಟ್ಟಿದ್ದ ಕೌದಿಯ ಮೇಲಿನ ಹೊಲಿಗೆಗಳನ್ನು ಎಣಿಸಲು ಶುರು ಮಾಡಿ ಅರ್ಧಕ್ಕೇ ಬಿಟ್ಟೆವು. ಇಂಥದ್ದನ್ನು ಪುಕ್ಕಟೆ ಹೊಲಿಸಿಕೊಂಡು ಬರಲು ಹೊರಟಿದ್ದೆವಲ್ಲ! ಕೂಲಿ ಎಷ್ಟು ಅಂತ ಕೇಳೋದು ನಮ್ಮ ತಲೆಗೇ ಬಂದಿರಲಿಲ್ಲ. ಅಪ್‌ಸೈಕ್ಲಿಂಗ್ ಅಂದರೆ ಖರ್ಚಿಲ್ಲದ ಕೆಲಸ ಅಂತ ನಾವೆಲ್ಲ ಅಂದುಕೊಳ್ಳೋದು, ಹೊಲಿಯೋರು ಮನೆಯ ಹೆಂಗಸರು ಅನ್ನೋ ಕಾರಣಕ್ಕೇ ಇರಬೇಕು.

ಪಾಲಿಯೆಸ್ಟರ್ ಅಗ್ಗ, ಬೇಗ ಒಣಗುತ್ತೆ, ಫುಟ್‌ಬಾಲ್ ಟೀಮಿಗೆ ಅದೇ ಸರಿ. ಅದನ್ನು ನಾವು ಒಪ್ತೀವಿ. ಆದರೆ ರಾಜ್ಯೋತ್ಸವದ ಒಂದು ದಿನಕ್ಕೆ? ಹತ್ತಿಯದು ತರಿಸೋಣ, ಪ್ರಿಂಟ್ ಅಂಗೈಯಷ್ಟೇ ಇರಲಿ. ರೇಟು ಜಾಸ್ತಿ ಅಂದರೆ ಹೋದ ವರ್ಷದ್ದನ್ನೇ ಹಾಕೋಣ, ಕೆಂಪು-ಹಳದಿ ಬದಲಾಗಿಲ್ಲವಲ್ಲ. ಬೇಕಾದರೆ ಒಂದು ಶನಿವಾರ ಎಲ್ಲರೂ ಕೂತು ಚೀಲ ಹೊಲಿಯೋಣ, ಹುಡುಗರೂ ಬರಬೇಕು.

ಹೊರಡುವ ದಿನ ಆಯಿ ಬುತ್ತಿಯ ಜೊತೆಗೆ ಆ ಒಂಬತ್ತನ್ನೂ ನೀಟಾಗಿ ಮಡಚಿ ವಾಪಸ್ ಕೊಟ್ಟಳು. ಈಗ ಅವು ಹಾಸ್ಟೆಲ್ಲಿನಲ್ಲಿ ನಮ್ಮ ಮಂಚದ ಕೆಳಗಿವೆ. ನೆಲ ಒರೆಸೋಣ ಅಂದರೆ ನೀರನ್ನೂ ಹೀರಲ್ಲ.